ಇವತ್ತು ಒಗರು, ಹತ್ತು ವರ್ಷಕ್ಕೆ ಗುಲ್ಕಂದ್: ಬರೋಲೋ ವೈನಿನ ರುಚಿ ನೋಡುವುದು ಹೇಗೆ

ಅಕ್ಕನ ಮಗ ಇಟಲಿಯ ಟುರಿನ್‌ನಲ್ಲಿ ಓದುತ್ತಿದ್ದಾನೆ. ಈ ಸಲ ರಜೆಗೆ ಬರುವಾಗ ಸೂಟ್‌ಕೇಸಿನಲ್ಲಿ, ಸ್ವೆಟರಿನೊಳಗೆ ಸುತ್ತಿ, ಎರಡು ಬಾಟಲಿ ವೈನ್ ತಂದಿದ್ದ. ಎರಡರ ಮೇಲೂ ‘ಬರೋಲೋ, 2019’ ಅಂತ ಬರೆದಿತ್ತು. ಭಾವನಿಗೆ ತಡೆಯಲಿಲ್ಲ. ಅವತ್ತೇ ರಾತ್ರಿ ಒಂದನ್ನು ತೆಗೆಸಿದರು. ಒಂದು ಗುಟುಕು ಕುಡಿದು ಮುಖ ಕಿವುಚಿದರು.

“ಏನೋ ಇದು, ಹಸಿ ಅಡಿಕೆ ಅಗಿದ ಹಾಗಿದೆ. ಇದಕ್ಕೆ ಅಷ್ಟು ದುಡ್ಡು ಕೊಟ್ಯಾ?”

ಹುಡುಗ ನನ್ನ ಕಡೆ ನೋಡಿದ. “ಮಾವ, ನೀವಾದ್ರೂ ಹೇಳಿ. ಇದು ಇಟ್ಟು ಕುಡಿಯೋ ವೈನ್ ಅಂತ ಅಂಗಡಿಯವನು ಹೇಳಿದ್ದ.”

ಇಬ್ಬರು ಹೇಳಿದ್ದೂ ಸರಿಯೇ. ವಿದೇಶದಲ್ಲಿ ಮಕ್ಕಳಿರುವ ಮನೆಗಳಲ್ಲಿ ಈಗ ಇಂಥ ಬಾಟಲಿಗಳು ಕಾಣಿಸಿಕೊಳ್ಳುತ್ತಿವೆ. ಹೊರಗಿನಿಂದ ಬರುವ ಪ್ರಯಾಣಿಕರು ಎರಡು ಲೀಟರ್‌ವರೆಗೆ ಸುಂಕವಿಲ್ಲದೆ ತರಬಹುದು. ತಂದ ಮೇಲೆ ಪ್ರಶ್ನೆ ಶುರು. ಈಗಲೇ ಕುಡಿಯಬೇಕಾ, ಇಡಬೇಕಾ? ಇಟ್ಟರೆ ಎಷ್ಟು ವರ್ಷ? ‘ಒಳ್ಳೆಯದು’ ಅನ್ನೋದನ್ನು ಯಾರು, ಹೇಗೆ ನಿರ್ಧರಿಸುತ್ತಾರೆ?

ಮೊದಲು, ಬರೋಲೋ ಅಂದರೆ ಏನು

ಬರೋಲೋ ಒಂದು ಊರಿನ ಹೆಸರು. ಇಟಲಿಯ ವಾಯವ್ಯ ಮೂಲೆಯಲ್ಲಿ ಪಿಯೆಮೊಂಟೆ ಅನ್ನುವ ಪ್ರಾಂತ್ಯವಿದೆ. ಟುರಿನ್ ಅದರ ರಾಜಧಾನಿ. ಅಲ್ಲಿಂದ ದಕ್ಷಿಣಕ್ಕೆ, ಆಲ್ಬಾ ಪಟ್ಟಣದ ಪಕ್ಕ, ಲಾಂಗೆ ಎಂಬ ಗುಡ್ಡಗಳ ಸಾಲು. ಆ ಗುಡ್ಡಗಳಲ್ಲಿ ಬರೋಲೋ, ಲಾ ಮೊರ್ರಾ, ಸೆರ್ರಲುಂಗಾ, ಮೊನ್‌ಫೋರ್ತೆ ಹೀಗೆ 11 ಗ್ರಾಮಗಳಿವೆ. ಈ ಗ್ರಾಮಗಳ ಗುರುತಿಸಿದ ಜಮೀನಿನಲ್ಲಿ ಬೆಳೆದ ನೆಬ್ಬಿಯೋಲೋ ದ್ರಾಕ್ಷಿಯಿಂದ ಮಾಡಿದ ವೈನಿಗೆ ಮಾತ್ರ ಬರೋಲೋ ಅನ್ನಬಹುದು. ಬೇರೆ ದ್ರಾಕ್ಷಿ ಒಂದು ಹಿಡಿಯೂ ಸೇರುವಂತಿಲ್ಲ. ನಂಜನಗೂಡಿನ ರಸಬಾಳೆ ಅಂದರೆ ಬಾಳೆಯ ತಳಿಯೂ ಹೌದು, ಆ ಮಣ್ಣೂ ಹೌದು ಅಲ್ವಾ? ಹಾಗೆ. ಆದರೆ ಇಟಲಿಯವರು ಇದನ್ನು ಕಾನೂನಿನಲ್ಲಿ ತುಂಬಾ ಬಿಗಿಯಾಗಿ ಬರೆದಿಟ್ಟಿದ್ದಾರೆ. 1980ರಲ್ಲಿ ಬರೋಲೋಗೆ ಅಲ್ಲಿನ ಅತ್ಯುನ್ನತ ದರ್ಜೆ ಸಿಕ್ಕಿತು. ಬಾಟಲಿಯ ಕತ್ತಿನ ಮೇಲೆ ನಂಬರ್ ಇರುವ ಸರ್ಕಾರದ ಪಟ್ಟಿ ಅಂಟಿಸಿರುತ್ತಾರೆ. 2014ರಲ್ಲಿ ಲಾಂಗೆಯ ಈ ದ್ರಾಕ್ಷಿ ಗುಡ್ಡಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೂ ಸೇರಿದವು.

ನೆಬ್ಬಿಯೋಲೋ ಎಂಬ ಹೆಸರು ‘ನೆಬ್ಬಿಯಾ’ದಿಂದ ಬಂದಿದೆ ಅನ್ನುತ್ತಾರೆ. ಹಾಗೆಂದರೆ ಮಂಜು. ಅಕ್ಟೋಬರಿನಲ್ಲಿ ಈ ಕಣಿವೆಗಳಲ್ಲಿ ಮಂಜು ಕವಿಯುವ ಹೊತ್ತಿಗೆ, ಉಳಿದ ದ್ರಾಕ್ಷಿಗಳ ಕೊಯ್ಲು ಮುಗಿದ ಮೇಲೆ, ಇದು ಹಣ್ಣಾಗುತ್ತದೆ. ಹಟಮಾರಿ ಗಿಡ. ಬಿಸಿಲು ಚೆನ್ನಾಗಿ ಬೀಳುವ ಇಳಿಜಾರೇ ಬೇಕು. ಚಳಿಗಾಲದಲ್ಲಿ ಹಿಮ ಎಲ್ಲಿ ಮೊದಲು ಕರಗುತ್ತದೋ ಅಲ್ಲಿ ನೆಬ್ಬಿಯೋಲೋ ಹಾಕು ಅನ್ನುವುದು ಆ ಕಡೆಯ ರೈತರ ಹಳೇ ಲೆಕ್ಕ.

ಬಾಟಲಿ ಮಾರುಕಟ್ಟೆಗೆ ಬರುವ ಮೊದಲೇ ಕಾಯುವ ನಿಯಮವಿದೆ. ಕೊಯ್ಲಿನ ವರ್ಷದ ನವೆಂಬರ್ 1ರಿಂದ ಲೆಕ್ಕ ಹಾಕಿ 38 ತಿಂಗಳು. ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲೇ ಇರಬೇಕು. ‘ರಿಸೆರ್ವಾ’ ಅಂತ ಬರೆಯಬೇಕಾದರೆ 62 ತಿಂಗಳು. ಅಂದರೆ ನಮ್ಮ ಹುಡುಗ ತಂದ 2019ರ ವೈನ್ ಅಂಗಡಿಗೆ ಬಂದದ್ದೇ 2023ರಲ್ಲಿ. ಅಷ್ಟು ಕಾದರೂ ಭಾವನ ಬಾಯಿ ಒಣಗಿತು.

ಒಗರಿನ ಲೆಕ್ಕ

ಈ ವಿಷಯದಲ್ಲಿ ಕನ್ನಡದವರಿಗೆ ಒಂದು ಅನುಕೂಲ ಇದೆ. ಷಡ್ರಸ ಅಂತ ಆರು ರುಚಿ ಎಣಿಸುವಾಗಲೇ ನಾವು ಒಗರನ್ನು ಎಣಿಸಿಬಿಟ್ಟಿದ್ದೇವೆ. ನೇರಳೆ ಹಣ್ಣು ತಿಂದು ನಾಲಿಗೆ ದಪ್ಪ ಆಗೋದು, ಬಾಳೆಕಾಯಿ ಹಸಿಯಾಗಿ ಕಚ್ಚಿದರೆ ಬಾಯಿ ಹಿಡಿದುಕೊಳ್ಳೋದು, ಎಳೇ ಅಡಿಕೆ ಅಗಿದಾಗ ಕೆನ್ನೆಯ ಒಳಭಾಗ ಒಣಗೋದು: ಇದೆಲ್ಲ ಒಗರು. ಅದು ಹುಳಿಯಲ್ಲ, ಕಹಿಯೂ ಅಲ್ಲ. ವೈನ್ ಕಲಿಯುವವರು ಮೊದಮೊದಲು ತಡವರಿಸುವುದೇ ಈ ಮೂರನ್ನು ಬೇರೆ ಮಾಡಿ ಗುರುತಿಸುವಲ್ಲಿ. ನಮ್ಮ ಮನೆಯ ಮಕ್ಕಳಿಗೆ ಅದು ಐದನೇ ವಯಸ್ಸಿಗೇ ಗೊತ್ತಿರುತ್ತದೆ.

ಒಗರಿಗೆ ಕಾರಣವಾಗುವ ಪದಾರ್ಥದ ಹೆಸರು ಟ್ಯಾನಿನ್. ದ್ರಾಕ್ಷಿಯ ಸಿಪ್ಪೆಯಲ್ಲೂ ಬೀಜದಲ್ಲೂ ಇರುತ್ತದೆ. ಟೀ ಸೊಪ್ಪಿನಲ್ಲಿ, ಅಡಿಕೆಯಲ್ಲಿ ಇರುವುದೂ ಇದರ ಹತ್ತಿರದ ನೆಂಟರೇ. ಮಲೆನಾಡಿನವರು ಅಡಿಕೆ ಬೇಯಿಸಿದ ಮೇಲೆ ಉಳಿಯುವ ಕೆಂಪು ಚೊಗರನ್ನು ನೆನಪಿಸಿಕೊಳ್ಳಿ. ಬಟ್ಟೆಗೆ ತಾಗಿದರೆ ಕಲೆ ಹೋಗುವುದಿಲ್ಲ. ಅದಕ್ಕೇ ಸಾಗರದ ಕಡೆ ಚೊಗರಿನಿಂದ ಕೈಮಗ್ಗದ ಬಟ್ಟೆಗೆ ಬಣ್ಣ ಹಾಕುತ್ತಾರೆ. ಟ್ಯಾನಿನ್‌ನ ಗುಣವೇ ಹಾಗೆ, ಸಿಕ್ಕಿದ್ದಕ್ಕೆ ಅಂಟಿಕೊಳ್ಳೋದು.

ಬಾಯಲ್ಲೂ ಅದೇ ನಡೆಯುತ್ತದೆ. ನಮ್ಮ ಎಂಜಲಿನಲ್ಲಿ ಕೆಲವು ಪ್ರೋಟೀನುಗಳಿವೆ. ನಾಲಿಗೆ, ಕೆನ್ನೆ ಜಾರುವಂತೆ ಇರುವುದು ಅವುಗಳಿಂದ. ಟ್ಯಾನಿನ್ ಹೋಗಿ ಅವುಗಳಿಗೆ ಅಂಟಿಕೊಂಡು ಉಂಡೆ ಕಟ್ಟುತ್ತದೆ. ಜಾರುವ ಗುಣ ಹೋಗಿ ಒಣಗಿದ ಹಾಗೆ, ಉಜ್ಜಿದ ಹಾಗೆ ಅನ್ನಿಸುತ್ತದೆ. ಕಡು ಟೀ ಡಿಕಾಕ್ಷನ್ ಒಗರು. ಅದಕ್ಕೇ ಹಾಲು ಹಾಕಿದರೆ ಮೆತ್ತಗೆ. ಯಾಕೆಂದರೆ ಟ್ಯಾನಿನ್ ನಿಮ್ಮ ಎಂಜಲನ್ನು ಬಿಟ್ಟು ಹಾಲಿನ ಪ್ರೋಟೀನನ್ನು ಹಿಡಿದುಕೊಂಡಿತು. ಪಿಯೆಮೊಂಟೆಯವರು ಬರೋಲೋವನ್ನು ನಿಧಾನವಾಗಿ ಬೇಯಿಸಿದ ಮಾಂಸದ ಜೊತೆ, ಗಟ್ಟಿ ಚೀಸ್ ಜೊತೆ ಕುಡಿಯುವುದರ ಗುಟ್ಟೂ ಇದೇ. ಭಾವ ಕುಡಿದದ್ದು ಬರೀ ಹೊಟ್ಟೆಯಲ್ಲಿ.

ನೆಬ್ಬಿಯೋಲೋ ವಿಚಿತ್ರ ಇರೋದು ಇಲ್ಲಿ. ಸಿಪ್ಪೆ ತೆಳು, ವೈನಿನ ಬಣ್ಣ ತಿಳಿ. ಗ್ಲಾಸಿನ ಆಚೆ ಇರುವ ಬೆರಳು ಕಾಣುವಷ್ಟು ತಿಳಿ. ನೋಡಿದರೆ ಸಾಧು ಅನ್ನಿಸುತ್ತದೆ. ಬಾಯಿಗೆ ಹಾಕಿದರೆ ಒಗರೂ ಜೋರು, ಹುಳಿಯೂ ಜೋರು, ಮದ್ಯಸಾರವೂ 14 ಪರ್ಸೆಂಟ್ ಆಸುಪಾಸು.

ಬಾಟಲಿಯೊಳಗೆ ವರ್ಷಗಟ್ಟಲೆ ಏನಾಗುತ್ತದೆ

ಜಗತ್ತಿನ ಬಹುಪಾಲು ವೈನ್ ಕೊಂಡ ಒಂದೆರಡು ವರ್ಷದಲ್ಲಿ ಕುಡಿಯಲೆಂದೇ ಮಾಡಿದ್ದು. ಇಟ್ಟರೆ ಸಪ್ಪೆಯಾಗುತ್ತದೆ, ಅಷ್ಟೇ. ‘ಹಳೇದಾದಷ್ಟೂ ಒಳ್ಳೇದು’ ಅನ್ನೋ ಮಾತು ಎಲ್ಲ ವೈನಿಗೂ ಹೊಂದುವುದಿಲ್ಲ. ಸೌತೆಕಾಯಿ ಕೋಸಂಬರಿಗೂ ಮಾವಿನ ಮಿಡಿ ಉಪ್ಪಿನಕಾಯಿಗೂ ಇರುವ ವ್ಯತ್ಯಾಸ ಇದು. ಕೋಸಂಬರಿ ಕೆಟ್ಟದ್ದಲ್ಲ, ಇವತ್ತೇ ತಿನ್ನಬೇಕು ಅಷ್ಟೇ.

ಇಡಲು ಬರುವ ಕೆಂಪು ವೈನಿನಲ್ಲಿ ಮೂರು ಕಾವಲುಗಾರರು ಇರುತ್ತಾರೆ: ಹುಳಿ, ಟ್ಯಾನಿನ್, ಮದ್ಯಸಾರ. ಹುಳಿ ಮತ್ತು ಮದ್ಯಸಾರ ಸೂಕ್ಷ್ಮಜೀವಿಗಳನ್ನು ದೂರ ಇಡುತ್ತವೆ. ಟ್ಯಾನಿನ್ ಮುಖ್ಯವಾಗಿ ಗಾಳಿಯ ಜೊತೆ ಸೆಣಸುತ್ತದೆ. ಕಾರ್ಕಿನ ಮೂಲಕ ತೀರಾ ಸ್ವಲ್ಪ ಆಮ್ಲಜನಕ ಒಳಗೆ ಹೋಗುತ್ತದೆ. ಟ್ಯಾನಿನ್ ಅದನ್ನು ತನ್ನ ಮೇಲೆ ಹಾಕಿಕೊಂಡು ಉಳಿದ ರುಚಿಯನ್ನು ಕಾಪಾಡುತ್ತದೆ.

ಹಾಗೆ ಮಾಡುತ್ತಾ ಅದೇ ಬದಲಾಗುತ್ತದೆ. ಟ್ಯಾನಿನ್ ಕಣಗಳು ಒಂದಕ್ಕೊಂದು ಕೂಡುತ್ತವೆ, ಒಡೆಯುತ್ತವೆ, ಬಣ್ಣದ ಕಣಗಳ ಜೊತೆ ಸೇರುತ್ತವೆ. ಕೆಲವು ಭಾರವಾಗಿ ತಳಕ್ಕೆ ಇಳಿಯುತ್ತವೆ. ಹಳೇ ಬಾಟಲಿಯ ತಳದಲ್ಲಿ ಕಾಣುವ ಗಷ್ಟು ಇದೇ. ಕೊಳೆ ಅಲ್ಲ. ಒಗರು ತಗ್ಗುತ್ತದೆ, ಆದರೆ ಹುಳಿ ಹೆಚ್ಚು ಕಮ್ಮಿ ಹಾಗೇ ಉಳಿಯುತ್ತದೆ. ಇದು ಗಮನಿಸಬೇಕಾದ ವಿಷಯ. ಎಳೇ ವಯಸ್ಸಿನಲ್ಲಿ ಹುಳಿಯೇ ಇಲ್ಲದ ವೈನ್, ಒಗರು ಹೋದ ಮೇಲೆ ಬೆನ್ನುಮೂಳೆ ಇಲ್ಲದ ಹಾಗೆ ಕುಸಿಯುತ್ತದೆ.

ವಾಸನೆಯೂ ಬದಲಾಗುತ್ತದೆ. ಎಳೇ ಬರೋಲೋದಲ್ಲಿ ತಾಜಾ ಗುಲಾಬಿ, ಚೆರ್ರಿ ಹಣ್ಣು, ಜೊತೆಗೆ ಡಾಂಬರು. ಹೌದು, ರಸ್ತೆಗೆ ಹಾಕುವ ಡಾಂಬರೇ. ‘ಡಾಂಬರು ಮತ್ತು ಗುಲಾಬಿ’ ಅನ್ನುವುದು ಬರೋಲೋ ಬಗ್ಗೆ ಎಲ್ಲರೂ ಹೇಳುವ ಜೋಡಿ ಮಾತು. ಹತ್ತು ಹದಿನೈದು ವರ್ಷ ಕಳೆದರೆ ಆ ಗುಲಾಬಿ ಒಣಗಿದ ಗುಲಾಬಿಯಾಗುತ್ತದೆ. ನನ್ನ ಮೂಗಿಗೆ ಅದು ಗುಲ್ಕಂದ್. ಅದರ ಜೊತೆಗೆ ಚರ್ಮ, ಹೊಗೆಸೊಪ್ಪು, ಜೇಷ್ಠಮಧು, ಮಳೆ ಬಿದ್ದ ಮೇಲೆ ಕಾಡಿನ ತರಗೆಲೆ.

ಗ್ಲಾಸ್ ಕೈಗೆ ಬಂದಾಗ

ಅನುಭವಿಗಳು ರುಚಿ ನೋಡುವ ಕ್ರಮ ನೋಡುವವರಿಗೆ ನಾಟಕದ ಹಾಗೆ ಕಾಣುತ್ತದೆ. ಗ್ಲಾಸ್ ವಾಲಿಸೋದು, ತಿರುಗಿಸೋದು, ಸೊರ್ ಅಂತ ಸದ್ದು ಮಾಡೋದು, ಉಗಿಯೋದು. ಪ್ರತಿಯೊಂದಕ್ಕೂ ಕಾರಣ ಇದೆ.

ಬಿಳಿ ಹಾಳೆಯ ಮೇಲೆ ಗ್ಲಾಸನ್ನು ವಾಲಿಸಿ ಅಂಚಿನ ಬಣ್ಣ ನೋಡುತ್ತಾರೆ. ಎಳೇ ಕೆಂಪು ವೈನಿನ ಅಂಚು ನೇರಳೆ ಅಥವಾ ಮಾಣಿಕ್ಯದ ಬಣ್ಣ. ವಯಸ್ಸಾದಂತೆ ಹೆಂಚಿನ ಬಣ್ಣಕ್ಕೆ ತಿರುಗುತ್ತದೆ. ಆದರೆ ನೆಬ್ಬಿಯೋಲೋದಲ್ಲಿ ಇರುವ ಬಣ್ಣದ ಕಣಗಳು ಬೇಗ ಮಾಸುವ ಜಾತಿಯವು. ಹಾಗಾಗಿ ಐದಾರು ವರ್ಷಕ್ಕೇ ಅಂಚು ಹೆಂಚಿನ ಬಣ್ಣ ಆಗಿರುತ್ತದೆ. ಬೇರೆ ವೈನಿನಲ್ಲಿ ಇದನ್ನು ನೋಡಿದವರು ‘ಮುಗಿಯಿತು ಇದರ ಕಥೆ’ ಅನ್ನಬಹುದು. ಬರೋಲೋದಲ್ಲಿ ಅದು ಇನ್ನೂ ಬಾಲ್ಯ.

ಗ್ಲಾಸ್ ತಿರುಗಿಸುವುದು ಪರಿಮಳ ಏಳಲಿ ಅಂತ. ಬಿಸಿ ಸಾರಿನ ಪಾತ್ರೆಗೆ ಸೌಟು ಹಾಕಿ ಕಲಕಿದಾಗ ಘಮ ಬರುತ್ತಲ್ಲ, ಹಾಗೆ. ನಾವು ‘ರುಚಿ’ ಅಂತ ಕರೆಯುವುದರಲ್ಲಿ ಬಹುಪಾಲು ವಾಸನೆಯದೇ ಕೆಲಸ. ನೆಗಡಿ ಬಂದಾಗ ಊಟ ಸಪ್ಪೆ ಆಗುವುದೂ ಅದಕ್ಕೇ. ಬಾಯಲ್ಲಿ ವೈನ್ ಇಟ್ಟುಕೊಂಡು ಗಾಳಿ ಎಳೆದುಕೊಳ್ಳುವುದು ಕೂಡ ಪರಿಮಳವನ್ನು ಗಂಟಲ ಹಿಂದಿನಿಂದ ಮೂಗಿಗೆ ಕಳಿಸಲು. ಉಗಿಯುವುದು ಯಾಕೆ ಅಂದರೆ, ಒಂದು ಬೆಳಿಗ್ಗೆ ಐವತ್ತು ವೈನ್ ನೋಡಬೇಕಾದವನು ನುಂಗುತ್ತಾ ಹೋದರೆ ಹತ್ತನೆಯದಕ್ಕೆ ಮೂಗೂ ಇಲ್ಲ, ನಾಲಿಗೆಯೂ ಇಲ್ಲ.

ಬಾಯಲ್ಲಿ ನೋಡುವುದು ಮುಖ್ಯವಾಗಿ ನಾಲ್ಕು. ಹುಳಿ ಎಷ್ಟಿದೆ? ನಾಲಿಗೆಯ ಪಕ್ಕದಲ್ಲಿ ನೀರೂರುವುದೇ ಅದರ ಅಳತೆ. ಒಗರು ಎಷ್ಟಿದೆ, ಅದಕ್ಕಿಂತ ಹೆಚ್ಚಾಗಿ ಎಂಥದ್ದು? ಮಾಗದ ಬೀಜದಿಂದ ಬಂದ ಒಗರು ಒರಟು, ಕಹಿ ಬೆರೆತದ್ದು, ಹಸಿ ಬಾಳೆಕಾಯಿಯ ಥರ. ಮಾಗಿದ ಸಿಪ್ಪೆಯ ಒಗರು ನುಣುಪು, ನೆಂದ ಖರ್ಜೂರದ ಸಿಪ್ಪೆಯ ಥರ. ಮೊದಲನೆಯದು ಎಷ್ಟು ವರ್ಷ ಇಟ್ಟರೂ ಪೂರ್ತಿ ಸುಧಾರಿಸುವುದು ಕಷ್ಟ. ಮೂರನೆಯದು, ಇಷ್ಟು ಒಗರಿನ ನಡುವೆಯೂ ಹಣ್ಣಿನ ಸತ್ವ ಇದೆಯಾ? ಕೊನೆಯದು ಉದ್ದ. ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ಉಳಿಯುತ್ತದೆ? ಐದು ಸೆಕೆಂಡಿಗೆ ಮಾಯವಾದರೆ ಸಾಧಾರಣ. ಅರ್ಧ ನಿಮಿಷ ಕಳೆದರೂ ಗುಲಾಬಿ ಬಾಯಲ್ಲೇ ಇದ್ದರೆ ವಿಷಯ ಬೇರೆ. ಒಣಗಿದ ಅನುಭವ ಉಳಿದರೆ ಲೆಕ್ಕಕ್ಕಿಲ್ಲ, ರುಚಿ ಉಳಿಯಬೇಕು.

ಮಿಡಿ ನೋಡಿ ಉಪ್ಪಿನಕಾಯಿ ಊಹಿಸುವುದು

ಅಜ್ಜಿ ಅಪ್ಪೆಮಿಡಿ ಕೊಳ್ಳುವಾಗ ತೊಟ್ಟು ಮುರಿದು ಸೊನೆ ಮೂಸುತ್ತಿದ್ದಳು. ಮಿಡಿಯನ್ನು ಕಚ್ಚಿ ನೋಡಿದರೆ ಬಾಯಿಗೆ ಹಾಕಲಾಗದಷ್ಟು ಹುಳಿ, ಒಗರು. ಆದರೆ ಅವಳು ಅವತ್ತಿನ ರುಚಿ ನೋಡುತ್ತಿರಲಿಲ್ಲ. ಎರಡು ವರ್ಷ ಭರಣಿಯಲ್ಲಿ ಕೂತ ಮೇಲೆ ಈ ಪರಿಮಳ ಉಳಿಯುತ್ತದಾ, ಮಿಡಿ ಗಟ್ಟಿಯಾಗೇ ಇರುತ್ತದಾ ಅಂತ ನೋಡುತ್ತಿದ್ದಳು. ಎಳೇ ಬರೋಲೋ ರುಚಿ ನೋಡುವವರು ಮಾಡುವುದು ನೂರಕ್ಕೆ ನೂರು ಇದನ್ನೇ. ‘ಈಗ ಚೆನ್ನಾಗಿದೆಯಾ’ ಅನ್ನುವ ಪ್ರಶ್ನೆ ಅವರಿಗೆ ಎರಡನೆಯದು.

ಊಹೆಗೆ ಬೇರೆ ಸುಳಿವುಗಳೂ ಇವೆ. ಒಂದು, ಜಾಗ. ಲಾ ಮೊರ್ರಾ ಮತ್ತು ಬರೋಲೋ ಗ್ರಾಮದ ಕಡೆಯ ಮಣ್ಣಿನ ವೈನ್ ಸಾಮಾನ್ಯವಾಗಿ ಪರಿಮಳ ಜಾಸ್ತಿ, ಸ್ವಲ್ಪ ಬೇಗ ಮೆತ್ತಗಾಗುತ್ತದೆ. ಸೆರ್ರಲುಂಗಾ, ಮೊನ್‌ಫೋರ್ತೆ ಕಡೆಯದು ಬಿಗಿ, ನಿಧಾನ. ಕೆಲವು ಗುಡ್ಡಗಳಿಗೆ ತಮ್ಮದೇ ಹೆಸರಿದೆ. ಕನ್ನೂಬಿ, ಬ್ರುನಾತೆ, ಬುಸ್ಸಿಯಾ. ಈ ಹೆಸರುಗಳು ಲೇಬಲ್ ಮೇಲೆ ಇದ್ದರೆ ದ್ರಾಕ್ಷಿ ಯಾವ ಇಳಿಜಾರಿನದು ಅಂತ ಗೊತ್ತಾಗುತ್ತದೆ.

ಎರಡು, ಆ ವರ್ಷದ ಹವೆ. 2002ರ ಸೆಪ್ಟೆಂಬರಿನಲ್ಲಿ ಆಲಿಕಲ್ಲು ಬಿದ್ದು ಬರೋಲೋ ಕಡೆ ಭಾರೀ ಹಾನಿಯಾಯಿತು. 2003ರದು ಸುಡುಬಿಸಿಲು. 2010 ಮತ್ತು 2016 ಇಡಲು ಹೇಳಿ ಮಾಡಿಸಿದ ವರ್ಷಗಳು ಅಂತ ಹೆಚ್ಚಿನವರು ಒಪ್ಪುತ್ತಾರೆ. 2019ಕ್ಕೂ ಒಳ್ಳೇ ಹೆಸರಿದೆ, ಹಳೇ ಶೈಲಿಯ ಬಿಗಿ ವರ್ಷ ಅಂತ.

ಮೂರು, ಮಾಡಿದವರ ಕೈ. ಇಲ್ಲಿ ಒಂದು ದೊಡ್ಡ ಜಗಳವೇ ನಡೆದಿದೆ. ಹಳೇ ಪದ್ಧತಿಯಲ್ಲಿ ಸಿಪ್ಪೆಯನ್ನು ರಸದ ಜೊತೆ ಒಂದು ತಿಂಗಳು, ಕೆಲವೊಮ್ಮೆ ಇನ್ನೂ ಜಾಸ್ತಿ ದಿನ ನೆನೆಸಿ, ಸಾವಿರಾರು ಲೀಟರಿನ ದೊಡ್ಡ ಹಳೇ ಪೀಪಾಯಿಗಳಲ್ಲಿ ಇಡುತ್ತಿದ್ದರು. ಒಗರು ವಿಪರೀತ. 1980ರ ದಶಕದಲ್ಲಿ ಕೆಲವು ಯುವಕರು ‘ಅಷ್ಟು ವರ್ಷ ಯಾರು ಕಾಯ್ತಾರೆ’ ಅಂದರು. ನೆನೆಸುವುದನ್ನು ಕೆಲವೇ ದಿನಕ್ಕೆ ಇಳಿಸಿ, 225 ಲೀಟರಿನ ಸಣ್ಣ ಹೊಸ ಓಕ್ ಪೀಪಾಯಿ ತಂದರು. ಎಲಿಯೋ ಅಲ್ತಾರೆ ಅನ್ನುವವರು ಅಪ್ಪನ ಹಳೇ ಪೀಪಾಯಿಗಳನ್ನು ಚೈನ್ ಗರಗಸದಿಂದ ಕತ್ತರಿಸಿಯೇ ಹಾಕಿದರು. ಇನ್ನೊಂದು ಬದಿಯಲ್ಲಿ ಬಾರ್ತೊಲೋ ಮಸ್ಕರೆಲ್ಲೋ ಅನ್ನುವ ಹಿರಿಯರು ಸಣ್ಣ ಪೀಪಾಯಿಯೂ ಬೇಡ, ರಾಜಕಾರಣಿ ಬೆರ್ಲುಸ್ಕೋನಿಯೂ ಬೇಡ ಅಂತ ಲೇಬಲ್ ಮೇಲೇ ಬರೆದು ಬಿಡಿಸಿದರು. ಈಗ ಜಗಳ ತಣ್ಣಗಾಗಿದೆ. ಬಹಳ ಜನ ನಡುವಿನ ದಾರಿ ಹಿಡಿದಿದ್ದಾರೆ.

ಇಷ್ಟೆಲ್ಲ ನೋಡಿದರೂ ಊಹೆ ಊಹೆಯೇ. ಅದರಲ್ಲೂ ಒಂದು ತಮಾಷೆ ಇದೆ. ಬಾಟಲಿಗೆ ತುಂಬಿದ ಹೊಸದರಲ್ಲಿ ಹಣ್ಣಿನ ಘಮ ಇರುವ ಬರೋಲೋ, ನಡುವೆ ಕೆಲವು ವರ್ಷ ಬಾಯಿ ಮುಚ್ಚಿ ಕೂರುತ್ತದೆ. ಮೂಸಿದರೆ ಏನೂ ಇಲ್ಲ, ಕುಡಿದರೆ ಬರೀ ಒಗರು. ಹದಿನಾಲ್ಕರ ಹುಡುಗ ಇದ್ದಕ್ಕಿದ್ದಂತೆ ಮನೆಯಲ್ಲಿ ಮಾತು ನಿಲ್ಲಿಸಿದ ಹಾಗೆ. ಆಮೇಲೆ ತಾನಾಗೇ ತೆರೆದುಕೊಳ್ಳುತ್ತದೆ. ಭಾವನ ಬಾಟಲಿ ಈ ವಯಸ್ಸಿನದ್ದೇ ಇರಬೇಕು ಅಂತ ನನ್ನ ಗುಮಾನಿ.

ಅಂಕಗಳು ಯಾಕೆ

ಅಂಗಡಿಗಳಲ್ಲಿ ‘94’, ‘97’ ಅಂತ ಚೀಟಿ ಕಾಣುತ್ತದೆ. ಅದು ನೂರಕ್ಕೆ ಕೊಟ್ಟ ಅಂಕ. ಅಮೆರಿಕದ ವಿಮರ್ಶಕ ರಾಬರ್ಟ್ ಪಾರ್ಕರ್ ಅದನ್ನು ಜನಪ್ರಿಯ ಮಾಡಿದರು. ಇಪ್ಪತ್ತಕ್ಕೆ ಅಂಕ ಕೊಡುವವರೂ ಇದ್ದಾರೆ. ಒಂದು ಗಮನದಲ್ಲಿರಲಿ: ನೂರರ ಪದ್ಧತಿ 50ರಿಂದ ಶುರುವಾಗುತ್ತದೆ, ಆದ್ದರಿಂದ 85 ಅಂದರೆ ನಮ್ಮ ಎಸ್‌ಎಸ್‌ಎಲ್‌ಸಿ ಡಿಸ್ಟಿಂಕ್ಷನ್ ಅಲ್ಲ. ಅಂಕಕ್ಕಿಂತ ಅದರ ಪಕ್ಕ ಬರೆಯುವ ‘2027–2045’ ಥರದ ವರ್ಷಗಳು ಇಡುವವರಿಗೆ ಜಾಸ್ತಿ ಉಪಯೋಗ. ಈ ಅವಧಿಯಲ್ಲಿ ಕುಡಿಯಿರಿ ಅಂತ ಅರ್ಥ.

ಕೆಟ್ಟಿದ್ದು ಯಾವುದು, ಒಗರು ಯಾವುದು

ಒಗರು ದೋಷ ಅಲ್ಲ. ದೋಷ ಬೇರೆ ಥರ ಇರುತ್ತದೆ. ಮಳೆಗಾಲದಲ್ಲಿ ನೆಂದ ರಟ್ಟಿನ ಪೆಟ್ಟಿಗೆಯ ಮುಗ್ಗುಲು ವಾಸನೆ ಬಂದರೆ ಅದು ಕಾರ್ಕಿನಿಂದ ಬಂದ ಕೇಡು. ವಿನೆಗರ್ ಅಥವಾ ಉಗುರುಬಣ್ಣದ ವಾಸನೆ ಜೋರಾಗಿದ್ದರೆ ಹುಳಿತಿದೆ. ಕಾರ್ಕ್ ಮೇಲೆದ್ದು ಪಕ್ಕದಲ್ಲಿ ಅಂಟಂಟು ಸೋರಿದ್ದರೆ ಬಾಟಲಿ ಎಲ್ಲೋ ಬಿಸಿಲಲ್ಲಿ ಬೆಂದಿದೆ.

ಬೆಂಗಳೂರಿನ ಅಲಮಾರಿನಲ್ಲಿ

ಲಾಂಗೆಯ ನೆಲಮಾಳಿಗೆಗಳಲ್ಲಿ ವರ್ಷವಿಡೀ 12ರಿಂದ 14 ಡಿಗ್ರಿ. ಕತ್ತಲೆ, ತೇವ, ಅಲುಗಾಟವಿಲ್ಲ. ನಮ್ಮ ಅಡುಗೆಮನೆ ಅಟ್ಟ ಏಪ್ರಿಲ್‌ನಲ್ಲಿ 30 ದಾಟುತ್ತದೆ. ಅಲ್ಲಿ ಹತ್ತು ವರ್ಷ ಇಟ್ಟರೆ ಮಾಗುವುದಿಲ್ಲ, ಬೇಯುತ್ತದೆ. ವೈನ್ ಇಡಲೆಂದೇ ಮಾಡಿದ ಪುಟ್ಟ ಫ್ರಿಡ್ಜ್ ಇದ್ದರೆ ಸರಿ. ಇಲ್ಲದಿದ್ದರೆ ಹತ್ತು ವರ್ಷದ ಆಸೆ ಬಿಡುವುದು ವಾಸಿ. ಬಾಟಲಿಯನ್ನು ಮಲಗಿಸಿ ಇಡಬೇಕು, ಕಾರ್ಕ್ ಒಣಗಬಾರದು.

ತೆರೆಯುವಾಗಲೂ ಹವೆ ನೆನಪಿರಲಿ. ಕೆಂಪು ವೈನನ್ನು ‘ಕೋಣೆಯ ಉಷ್ಣತೆ’ಯಲ್ಲಿ ಕುಡಿಯಬೇಕು ಅನ್ನುತ್ತಾರಲ್ಲ, ಆ ಕೋಣೆ ಯುರೋಪಿನದು. 16ರಿಂದ 18 ಡಿಗ್ರಿ. ಇಲ್ಲಿ ಅರ್ಧ ಗಂಟೆ ಫ್ರಿಡ್ಜಿನಲ್ಲಿಟ್ಟು ತೆಗೆದರೆ ಹತ್ತಿರ ಬರುತ್ತದೆ. ಎಳೇ ಬರೋಲೋ ಆದರೆ ಅಗಲ ಬಾಯಿಯ ಗಾಜಿನ ಜಗ್ಗಿಗೆ ಸುರಿದು ಎರಡು ಮೂರು ಗಂಟೆ ಬಿಡಿ. ಹಳೇದಾದರೆ ಒಂದು ದಿನ ಮೊದಲೇ ನೆಟ್ಟಗೆ ನಿಲ್ಲಿಸಿ, ಗಷ್ಟು ಇಳಿದ ಮೇಲೆ ನಿಧಾನಕ್ಕೆ ಬಗ್ಗಿಸಿ. ಹಳೇದನ್ನು ಜಾಸ್ತಿ ಹೊತ್ತು ಗಾಳಿಗೆ ಬಿಟ್ಟರೆ ಉಳಿದಿದ್ದ ಘಮವೂ ಹೋಗುತ್ತದೆ.

ನಾವು ಅವತ್ತು ಇದ್ಯಾವುದನ್ನೂ ಮಾಡಿರಲಿಲ್ಲ. ಬಾಟಲಿಯಲ್ಲಿ ಅರ್ಧ ಉಳಿದಿತ್ತು, ಕಾರ್ಕ್ ಮುಚ್ಚಿ ಫ್ರಿಡ್ಜಿಗೆ ಇಟ್ಟೆ. ಮರುದಿನ ರಾತ್ರಿ ಪನೀರ್ ಹುರಿದು ಕಾಳುಮೆಣಸು ಹಾಕಿ ತಂದಳು ಅಕ್ಕ. ಭಾವ ಅನುಮಾನದಿಂದಲೇ ಒಂದು ಗುಟುಕು ತೆಗೆದುಕೊಂಡರು. ಗ್ಲಾಸನ್ನು ಇನ್ನೊಂದು ಸಲ ಮೂಸಿದರು.

“ನಿನ್ನೆ ಬಾಟಲಿಯೇನಾ ಇದು?”

ಎರಡನೇ ಬಾಟಲಿಯ ವಿಷಯ ಇನ್ನೂ ಇತ್ಯರ್ಥ ಆಗಿಲ್ಲ. ನನ್ನ ಗೆಳೆಯನ ಮನೆಯಲ್ಲಿ ವೈನ್ ಫ್ರಿಡ್ಜ್ ಇದೆ. ಅಲ್ಲಿ 2032ರವರೆಗೆ ಮಲಗಿಸೋಣ ಅಂತ ನಾನು. ಗೆಳೆಯನನ್ನು ಅಷ್ಟು ವರ್ಷ ನಂಬೋದು ಹೇಗೆ ಅಂತ ಭಾವ.